ಹಳೆಯ ಕತ್ತಿ, ಹೊಸ ಶತ್ರು

ಹೊನ್ನಾವರ, ಕುಮಟಾ ಕಡೆಯ ತಾಳಮದ್ದಳೆಯಲ್ಲಿ ಇಂದು ಕರ್ಣನಾಗಿ ಗೆದ್ದ ಅರ್ಥಧಾರಿ ನಾಳೆ ಕೃಷ್ಣನಾಗಿ ಕೂತು ಅದೇ ಕರ್ಣನನ್ನು ಹಣಿಯಬಲ್ಲ. ಪ್ರಸಂಗ ಅದೇ, ಅರ್ಥ ಬೇರೆ. ಯುದ್ಧಕಾಲದಲ್ಲಿ ಐತಿಹಾಸಿಕ ಚಿತ್ರಗಳ ಪಾಡೂ ಹೆಚ್ಚುಕಡಿಮೆ ಇದೇ. ರಾಜ, ಕೋಟೆ, ಕುದುರೆ ಎಲ್ಲ ಹಳೆಯವು. ಪ್ರೇಕ್ಷಕನ ಕಣ್ಣಿಗೆ ಬೀಳಬೇಕಾದ ಶತ್ರು ಮಾತ್ರ ಇವತ್ತಿನವನು.

ಮುಂಬಯಿ ಪ್ರಾಂತ್ಯದ ದಿನಗಳು

ಭಟ್ಕಳ, ಹೊನ್ನಾವರ, ಕುಮಟಾ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಹಾಗಾಗಿ ಎರಡನೇ ಮಹಾಯುದ್ಧದ ಕಾಲಕ್ಕೆ ಇಲ್ಲಿಗೆ ಅನ್ವಯಿಸಿದ್ದೂ ಬ್ರಿಟಿಷ್ ಭಾರತದ ಕಾನೂನೇ. ಕಚ್ಚಾ ಫಿಲ್ಮಿನ ಅಭಾವದಿಂದ ಕಥಾಚಿತ್ರದ ಉದ್ದಕ್ಕೆ 11,000 ಅಡಿಯ ಮಿತಿ ಬಿತ್ತು. ಅಂದರೆ ಸುಮಾರು ಎರಡು ಗಂಟೆ. 1943ರಲ್ಲಿ ಭಾರತ ರಕ್ಷಣಾ ನಿಯಮಗಳಿಗೆ ಇನ್ನೊಂದು ಕಲಮು ಸೇರಿತು: ಪ್ರತಿ ಪ್ರದರ್ಶನದಲ್ಲೂ ಸರಕಾರ ಒಪ್ಪಿದ ಯುದ್ಧ ಸುದ್ದಿಚಿತ್ರ ತೋರಿಸಲೇಬೇಕು. ಸ್ವಾತಂತ್ರ್ಯ ಬಂದ ಮೇಲೆ ಸರಕಾರದ ಫಿಲ್ಮ್ಸ್ ಡಿವಿಷನ್ ಇದೇ ಕಡ್ಡಾಯದ ಪದ್ಧತಿಯನ್ನು ಮುಂದುವರಿಸಿತು. ಬ್ರಿಟಿಷರ ಈ ಆಸ್ತಿಯನ್ನು ಬಿಡುವ ಮನಸ್ಸು ನಮಗೂ ಇರಲಿಲ್ಲ!

ಸಿಕಂದರನ ಎರಡು ಅರ್ಥ

ಸರಕಾರದ ಸುದ್ದಿಚಿತ್ರಕ್ಕಿಂತ ಸೊಹ್ರಾಬ್ ಮೋದಿಯವರ ‘ಸಿಕಂದರ್’ (1941) ಹೆಚ್ಚು ಸ್ವಾರಸ್ಯದ್ದು. ಪೃಥ್ವಿರಾಜ್ ಕಪೂರ್ ಅಲೆಕ್ಸಾಂಡರ್, ಸ್ವತಃ ಮೋದಿ ದೊರೆ ಪುರು (ಪೋರಸ್). ಕ್ರಿಸ್ತಪೂರ್ವ 326ರ ಝೀಲಂ ಕಾಳಗದ ಕಥೆ. ಹೊರಗಿನಿಂದ ಬಂದ ಆಕ್ರಮಣಕಾರನನ್ನು ಎದುರಿಸಿ ಎಂಬ ಮಾತು ಜರ್ಮನಿ, ಜಪಾನಿಗೆ ಹೇಳಿದ್ದೆಂದರೆ ಬ್ರಿಟಿಷರಿಗೆ ಸಂತೋಷವೇ. ಆದರೆ ನೋಡುವವನಿಗೆ ಹೊರಗಿನವನು ಯಾರೆಂದು ಹೇಳಿಕೊಡಬೇಕೆ? ಮುಂಬಯಿ ಸೆನ್ಸಾರ್ ಒಪ್ಪಿದ ಚಿತ್ರಕ್ಕೆ ಆಮೇಲೆ ಕೆಲವು ದಂಡುಪ್ರದೇಶಗಳ ಚಿತ್ರಮಂದಿರಗಳಲ್ಲಿ ನಿಷೇಧ ಬಿತ್ತು. ಭಾರತೀಯ ಸಿಪಾಯಿ ಅದನ್ನು ನೋಡುವುದು ಬೇಡವಾಗಿತ್ತು.

ಡಬ್ಬಿಗೆ ಹೋಗಿ ಬಂದ ನೆವ್‌ಸ್ಕಿ

ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನನ ‘ಅಲೆಕ್ಸಾಂಡರ್ ನೆವ್‌ಸ್ಕಿ’ (1938) ಪೀಪಸ್ ಸರೋವರದ ಹಿಮದ ಮೇಲೆ 1242ರಲ್ಲಿ ಜರ್ಮನ್ ನೈಟ್‌ಗಳು ಸೋತ ಕಥೆ. 1939ರ ಆಗಸ್ಟಿನಲ್ಲಿ ಸ್ಟಾಲಿನ್ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡದ್ದೇ ಚಿತ್ರ ಡಬ್ಬಿ ಸೇರಿತು. 1941ರಲ್ಲಿ ಹಿಟ್ಲರ್ ದಾಳಿಯಿಟ್ಟಾಗ ಅದೇ ರೀಲು ಮತ್ತೆ ಪರದೆಗೆ ಬಂತು. ಮರುವರ್ಷ ಸೋವಿಯತ್ ಸರಕಾರ ನೆವ್‌ಸ್ಕಿಯ ಹೆಸರಲ್ಲಿ ಸೇನಾಪದಕ ಹೊರಡಿಸಿತು. ಅದರ ಮೇಲಿನ ಮುಖ ಯಾರದು? ಚಿತ್ರದಲ್ಲಿ ನೆವ್‌ಸ್ಕಿಯಾಗಿದ್ದ ನಟ ಚೆರ್ಕಾಸೊವನದು. ವೇಷವೇ ದೇವರಾಗುವುದೆಂದರೆ ಇದು.

ಜರ್ಮನಿಯ ‘ಕೋಲ್ಬರ್ಗ್’ 1807ರಲ್ಲಿ ನೆಪೋಲಿಯನ್ ಸೇನೆಗೆ ಬಗ್ಗದ ಊರಿನ ಕಥೆ. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಹಟ ಹಿಡಿದು ಮಾಡಿಸಿದ ಆ ವರ್ಣಚಿತ್ರ ತೆರೆಕಂಡದ್ದು 1945ರ ಜನವರಿ 30ರಂದು. ಮಾರ್ಚ್ ತಿಂಗಳಲ್ಲಿ ನಿಜವಾದ ಕೋಲ್ಬರ್ಗೇ ಶತ್ರುವಶವಾಯಿತು.

ಕನ್ನಡದ ರಾಜರು

ನಮ್ಮ ಚಿತ್ರಗಳ ಬೇರು ಬೇರೆ ಕಡೆ ಇದೆ. ಏಕೀಕರಣವಾಗಿ ನಾಲ್ಕು ವರ್ಷಕ್ಕೆ ಕಲಾವಿದರೇ ಸೇರಿ ‘ರಣಧೀರ ಕಂಠೀರವ’ (1960) ಮಾಡಿದರು. ನಾಡಿನ ಅಭಿಮಾನವೇ ಅದರ ಬಂಡವಾಳ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರದು. ಅದೇ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾಳಗ ಕಾರವಾರದೆದುರಿನ ಅಂಜುದೀವ್ ದ್ವೀಪಕ್ಕೂ ಬಂತು, ನೌಕಾಪಡೆಯ ಏಳು ಮಂದಿ ಅಲ್ಲಿ ಮಡಿದರು. ಚಿತ್ರಕ್ಕೂ ಕಾಳಗಕ್ಕೂ ಗಂಟು ಹಾಕುವುದು ಸರಿಯಲ್ಲ. ಆದರೂ ಪರದೇಶಿಯರನ್ನು ಎದುರಿಸಿದ ರಾಣಿಯ ಕಥೆ ಆ ವರ್ಷ ಉತ್ತರ ಕನ್ನಡ ಜಿಲ್ಲೆಯವರಿಗೆ ಬರೀ ಹಳೆಯ ಕಥೆಯಾಗಿ ಕೇಳಿಸಿರಲಾರದು.

ತಿಮೋಜ ಯಾರ ಕಡೆಯವನು?

ಈ ಕರಾವಳಿಯಲ್ಲೂ ಚಿತ್ರಕ್ಕಾಗುವ ಸರಕು ಬೇಕಾದಷ್ಟಿದೆ: ವಿಜಯನಗರಕ್ಕೆ ಕುದುರೆ ಇಳಿಸಿಕೊಟ್ಟ ಭಟ್ಕಳ, ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ. ಪ್ರಚಾರಕನಿಗೆ ತೊಡಕಾಗುವವನು ಮಾತ್ರ ಹೊನ್ನಾವರದ ನಾವಿಕ ತಿಮೋಜ. 1502ರಲ್ಲಿ ವಾಸ್ಕೋ ಡ ಗಾಮ ಅವನ ಹಡಗುಗಳ ಮೇಲೆ ಬಿದ್ದ. 1510ರಲ್ಲಿ ಅದೇ ತಿಮೋಜ, ಬಿಜಾಪುರದ ಕೈಯಲ್ಲಿದ್ದ ಗೋವೆಯನ್ನು ಹಿಡಿಯಲು ಪೋರ್ಚುಗೀಸ್ ಸೇನಾಪತಿ ಆಲ್ಬುಕರ್ಕನಿಗೆ ದಾರಿ ತೋರಿದ. ಅವನ ಮೇಲೆ ಚಿತ್ರ ಮಾಡುವವರು ಕಥೆಯನ್ನು ಯಾವ ಇಸವಿಗೆ ನಿಲ್ಲಿಸುತ್ತಾರೆ ಎಂದು ಮೊದಲು ನೋಡಿಕೊಳ್ಳಿ.