ಎದಿ ಗಟ್ಟಿ ಐತೇನಪಾ?

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಒಬ್ಬನನ್ನು ಹೊಗಳಬೇಕಂದ್ರೆ ‘ಎದಿ ಗಟ್ಟಿ ಮನಶ್ಯಾ’ ಅಂತೀವಿ. ಚೆನ್ನಮ್ಮ, ರಾಯಣ್ಣ ಓಡಾಡಿದ ನೆಲ ಇದು. ಇಲ್ಲಿ ಗಟ್ಟಿ ಎದೆ ಅಂದ್ರೆ ಧೈರ್ಯ, ಬೇರೆ ಅರ್ಥ ಇಲ್ಲ. ಗರಡಿಮನೆಯಲ್ಲಿ ಹೊಸ ಹುಡುಗನಿಗೆ ಉಸ್ತಾದರು ಕೇಳೋದೂ ಅದನ್ನೇ: ‘ಎದಿ ಗಟ್ಟಿ ಐತೇನಪಾ?’ ಹೂಂ ಅಂದ್ರೆ ಮಣ್ಣಿಗೆ ಇಳಿಸ್ತಾರೆ.

ವೈದ್ಯರ ಭಾಷೆಯಲ್ಲಿ ಮಾತ್ರ ಎದೆ ಗಟ್ಟಿಯಾಗೋದು ಒಂದು ಕಾಯಿಲೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅಂತ ಹೆಸರು. ಹೃದಯದ ಸ್ನಾಯು ಇರಬೇಕಾದ್ದಕ್ಕಿಂತ ದಪ್ಪವಾಗಿ ಬೆಳೆದಿರುತ್ತೆ. ಬಹುಪಾಲು ಇದು ವಂಶವಾಹಿಯಲ್ಲೇ ಬರೋದು. ಸುಮಾರು 500 ಜನರಲ್ಲಿ ಒಬ್ಬರಿಗೆ ಇರಬಹುದು ಅಂತ ಒಂದು ಅಂದಾಜು. ಹೆಚ್ಚಿನವರಿಗೆ ಗೊತ್ತೂ ಆಗಲ್ಲ. ಆದ್ರೆ ಕೆಲವರಲ್ಲಿ ಆ ದಪ್ಪ ಸ್ನಾಯುವಿನೊಳಗೆ ಹೃದಯ ಬಡಿತದ ವಿದ್ಯುತ್ ಸಂಕೇತ ದಾರಿ ತಪ್ಪುತ್ತೆ. ಜೋರಾಗಿ ಓಡುವಾಗ ಹೃದಯ ಬಡಿಯೋದು ಬಿಟ್ಟು ಸುಮ್ಮನೆ ನಡುಗೋಕೆ ಶುರುವಾಗುತ್ತೆ. ಆಟಗಾರ ಅಲ್ಲೇ ಕುಸೀತಾನೆ.

ನಮ್ಮ ನಾಲ್ಕು ತಾಲೂಕಿನಲ್ಲಿ ಆಟ ಅಂದ್ರೆ ಕುಸ್ತಿ, ಕಬಡ್ಡಿ, ಎಲ್ಲ ಕಡೆಯಂತೆ ಕ್ರಿಕೆಟ್. ಫುಟ್‌ಬಾಲ್ ನಾನು ನೋಡೋಕೆ ಕಲಿತದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ. ಈ ಊರಿನ ಎರಡು ಮೈದಾನಗಳ ಚರಿತ್ರೆ ಓದ್ತಾ ಹೋದಾಗ ಗಮನಕ್ಕೆ ಬಂದ ಸಂಗತಿ ಏನಂದ್ರೆ, ಭಾರತದ ಫುಟ್‌ಬಾಲು ಹೃದಯದ ಬಗ್ಗೆ ಕಲಿತ ಕಹಿ ಪಾಠಗಳಲ್ಲಿ ಎರಡು ಇಲ್ಲೇ ನಡೆದಿವೆ. ಆ ಪಾಠದ ಮುಂದಿನ ಭಾಗ ಒಬ್ಬ ಪಂಜಾಬಿ ಹುಡುಗನ ಕಥೆ.

ಮೊದಲನೆಯದು 2004ರ ಡಿಸೆಂಬರ್ 5. ಶ್ರೀ ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫೈನಲ್, ಗೋವಾದ ಡೆಂಪೊ ಮತ್ತು ಕೋಲ್ಕತ್ತದ ಮೋಹನ್ ಬಗಾನ್. ಡೆಂಪೊ 2–0ಯಿಂದ ಗೆದ್ದಿತು. ಎರಡೂ ಗೋಲು ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್‌ನದು. ಎರಡನೇ ಗೋಲು ಹೊಡೆಯುವಾಗಲೇ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವನು ಮತ್ತೆ ಏಳಲಿಲ್ಲ. ವಯಸ್ಸು 25. ಡೆಂಪೊ ಕ್ಲಬ್ ಅವನ 10ನೇ ನಂಬರಿನ ಜೆರ್ಸಿಯನ್ನು ಬೇರೆ ಯಾರಿಗೂ ಕೊಡೋದಿಲ್ಲ ಅಂತ ತೀರ್ಮಾನಿಸಿತು.

ಎರಡನೆಯದು 2012ರ ಮಾರ್ಚ್ 21. ಜಾಗ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಟಿವಿ ಇಲ್ಲ, ದೊಡ್ಡ ಪ್ರಾಯೋಜಕರಿಲ್ಲ, ಜಿಲ್ಲಾ ಲೀಗಿನ ಒಂದು ಪಂದ್ಯ. ಬೆಂಗಳೂರು ಮಾರ್ಸ್ ತಂಡದ ವೆಂಕಟೇಶ್ ಬದಲಿ ಆಟಗಾರನಾಗಿ ಇಳಿದಿದ್ದ. ಪಂದ್ಯ ಮುಗಿಯೋ ಹೊತ್ತಿಗೆ ಕುಸಿದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಅಷ್ಟರಲ್ಲಿ ಜೀವ ಹೋಗಿತ್ತು. ವಯಸ್ಸು 27.

ಈಗ ಕ್ಯಾಲೆಂಡರಿನಲ್ಲಿ ನಾಲ್ಕೇ ದಿನ ಹಿಂದಕ್ಕೆ ಹೋಗಿ. 2012ರ ಮಾರ್ಚ್ 17, ಲಂಡನ್. ಎಫ್ಎ ಕಪ್ ಪಂದ್ಯದಲ್ಲಿ ಬೋಲ್ಟನ್ ತಂಡದ 23 ವರ್ಷದ ಫ್ಯಾಬ್ರಿಸ್ ಮುವಾಂಬ ಹೀಗೇ ಕುಸಿದ. ಮೈದಾನದಲ್ಲೇ ಎದೆ ಒತ್ತೋಕೆ ಶುರು ಮಾಡಿದರು, ಡಿಫಿಬ್ರಿಲೇಟರ್ ತಂದು ಶಾಕ್ ಕೊಟ್ಟರು. ಪ್ರೇಕ್ಷಕರ ನಡುವೆ ಆಟ ನೋಡ್ತಾ ಕೂತಿದ್ದ ಹೃದ್ರೋಗ ತಜ್ಞ ಆಂಡ್ರ್ಯೂ ಡೀನರ್ ಕೆಳಗೆ ಓಡಿಬಂದರು. ಮುವಾಂಬನ ಹೃದಯ 78 ನಿಮಿಷ ತಾನಾಗಿ ಬಡಿದಿರಲಿಲ್ಲ. ಆದ್ರೂ ಬದುಕಿದ. ಅದೇ ವರ್ಷ ಆಗಸ್ಟಿನಲ್ಲಿ ಆಟಕ್ಕೆ ವಿದಾಯ ಹೇಳಿದ, ಅಷ್ಟೇ.

ಎರಡೂ ಕಡೆ ಕುಸಿದದ್ದು ಇಪ್ಪತ್ತರ ಹರೆಯದ ಹುಡುಗರೇ. ಲಂಡನ್ನಿನಲ್ಲಿ ಇದ್ದ ವ್ಯವಸ್ಥೆ ನಮ್ಮ ಅಶೋಕನಗರದಲ್ಲಿ ಇರಲಿಲ್ಲ. ಹೃದಯ ನಿಂತ ಮೇಲೆ ಶಾಕ್ ಕೊಡೋದು ಒಂದೊಂದು ನಿಮಿಷ ತಡವಾದ ಹಾಗೂ ಬದುಕುವ ಸಾಧ್ಯತೆ ಸುಮಾರು ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತೆ ಅಂತಾರೆ ವೈದ್ಯರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಟೋ ಎಷ್ಟು ನಿಮಿಷ ತಗೊಳ್ಳುತ್ತೆ ಅಂತ ನಿಮಗೇ ಗೊತ್ತಲ್ಲ.

ಈಗ ಅನ್ವರ್ ಅಲಿ ಕಡೆ ಬರೋಣ. ಹುಟ್ಟಿದ್ದು 2000ದ ಆಗಸ್ಟಿನಲ್ಲಿ, ಪಂಜಾಬಿನ ಜಲಂಧರ್ ಜಿಲ್ಲೆಯ ಆದಂಪುರದಲ್ಲಿ. ಮಿನರ್ವಾ ಅಕಾಡೆಮಿಯಲ್ಲಿ ತಯಾರಾದ ಸೆಂಟರ್ ಬ್ಯಾಕ್. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ತಂಡದಲ್ಲಿದ್ದ. 2018ರ ಆಗಸ್ಟಿನಲ್ಲಿ ಸ್ಪೇನ್‌ನ ಕೋಟಿಫ್ ಟೂರ್ನಿಯಲ್ಲಿ ಭಾರತದ 20 ವರ್ಷದೊಳಗಿನ ತಂಡ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತಲ್ಲ, ಗೆಲುವಿನ ಗೋಲು ಇವನ ಫ್ರೀ ಕಿಕ್. ಮುಂದೆ ಐಎಸ್ಎಲ್‌ನ ಮುಂಬೈ ಸಿಟಿ ಕ್ಲಬ್ ಕರೆಯಿತು. 18–19ರ ಹುಡುಗನಿಗೆ ಇನ್ನೇನು ಬೇಕು?

2019ರಲ್ಲಿ ವೈದ್ಯಕೀಯ ಪರೀಕ್ಷೆ ಆಯಿತು. ವರದಿಯಲ್ಲಿ ಬಂದದ್ದು ಏಪಿಕಲ್ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದ್ರೆ ಹೃದಯದ ತುದಿಭಾಗದ ಸ್ನಾಯು ದಪ್ಪವಾಗಿರೋದು. ಕುಸಿದಿರಲಿಲ್ಲ, ಬಿದ್ದಿರಲಿಲ್ಲ. ಒಂದು ಕಾಗದ ಬಂದು ಆಟ ನಿಲ್ಲಿಸಿತು. 2020ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದಾಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವನನ್ನು ಅಭ್ಯಾಸಕ್ಕೂ ಇಳಿಸಬೇಡಿ ಅಂತ ಕ್ಲಬ್ಬಿಗೆ ಹೇಳಿತು. ಹುಡುಗ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ. ಮಿನರ್ವಾದ ರಂಜಿತ್ ಬಜಾಜ್ ಅವನ ಬೆನ್ನಿಗೆ ನಿಂತರು.

ಈ ಜಗಳದಲ್ಲಿ ಯಾರು ಖಳನಾಯಕ ಅಂತ ಹುಡುಕಿದ್ರೆ ನಿರಾಸೆ ಆಗುತ್ತೆ. ಫೆಡರೇಷನ್ ಕಣ್ಣೆದುರು ಕ್ರಿಸ್ಟಿಯಾನೊ ಇದ್ದಾನೆ, ವೆಂಕಟೇಶ್ ಇದ್ದಾನೆ. ಅದಕ್ಕೂ ಮುಂಚೆ 2003ರ ಜೂನ್ 26ರಂದು ಫ್ರಾನ್ಸ್‌ನ ಲಿಯಾನ್‌ನಲ್ಲಿ ಆಡ್ತಾ ಆಡ್ತಾ ಸತ್ತ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಇದ್ದಾನೆ. ಅವನಿಗಿದ್ದದ್ದೂ ಇದೇ ದಪ್ಪ ಹೃದಯ. ಗೊತ್ತಿದ್ದೂ ಆಡಿಸಿ ನಾಳೆ ಏನಾದ್ರೂ ಆದ್ರೆ ಉತ್ತರ ಕೊಡೋರು ಯಾರು? ಇನ್ನೊಂದು ಕಡೆ, ಬೇರೆ ಕೆಲಸ ಕಲಿಯದ, ಹಳ್ಳಿಯಿಂದ ಬಂದ 20ರ ಹುಡುಗ. ಅಪಾಯ ನನ್ನದು, ಹೊಟ್ಟೆಪಾಡೂ ನನ್ನದೇ ಅಂದ್ರೆ ಅದನ್ನು ತಪ್ಪು ಅನ್ನೋದು ಹೇಗೆ?

ಜಗತ್ತು ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳಿಗೆ ಇಸಿಜಿ ಸಮೇತ ತಪಾಸಣೆ ಕಡ್ಡಾಯ. ವೆನೆಟೊ ಪ್ರಾಂತ್ಯದ ಅಧ್ಯಯನದ ಪ್ರಕಾರ 1979ರಿಂದ 2004ರ ನಡುವೆ ಯುವ ಕ್ರೀಡಾಪಟುಗಳ ಹಠಾತ್ ಹೃದಯಾಘಾತದ ಸಾವು ನೂರಕ್ಕೆ 89ರಷ್ಟು ಇಳಿಯಿತು. ಅದೇ ಇಟಲಿಯಲ್ಲೇ 1996ರಲ್ಲಿ, ಒಲಿಂಪಿಕ್ ಚಿನ್ನ ಗೆದ್ದು ಬಂದ ನೈಜೀರಿಯಾದ ಕಾನುಗೆ ಹೃದಯದ ಕವಾಟದ ದೋಷ ಇರೋದು ಇಂಟರ್ ಕ್ಲಬ್ಬಿನ ಪರೀಕ್ಷೆಯಲ್ಲಿ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದು ಅವನು ಎಷ್ಟೋ ವರ್ಷ ಆಡಿದ. 2021ರ ಜೂನ್ 12ರಂದು ಕುಸಿದ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್‌ಗೆ ಎದೆಯೊಳಗೆ ಶಾಕ್ ಕೊಡುವ ಪುಟ್ಟ ಯಂತ್ರ ಕೂರಿಸಿದರು. ಅದನ್ನಿಟ್ಟುಕೊಂಡು ಆಡೋಕೆ ಇಟಲಿಯ ನಿಯಮ ಒಪ್ಪಲಿಲ್ಲ, ಇಂಗ್ಲೆಂಡ್ ಒಪ್ಪಿತು. ಒಂದೇ ಹೃದಯ, ಗಡಿ ದಾಟಿದ್ರೆ ಬೇರೆ ತೀರ್ಪು.

ಅನ್ವರ್‌ಗೆ 2021ರಲ್ಲಿ ದಾರಿ ತೆರೆಯಿತು. ಬಜಾಜ್ ಅವರ ಡೆಲ್ಲಿ ಎಫ್‌ಸಿ ಪರ ಆಡಿದ. 2022ರ ಜನವರಿಯಲ್ಲಿ ಎಫ್‌ಸಿ ಗೋವಾ, ಮಾರ್ಚಿನಲ್ಲಿ ಬಹರೇನ್ ವಿರುದ್ಧ ಭಾರತದ ಹಿರಿಯರ ತಂಡದಲ್ಲಿ ಮೊದಲ ಪಂದ್ಯ, ಜೂನ್ 14ರಂದು ಕೋಲ್ಕತ್ತದಲ್ಲಿ ಹಾಂಗ್‌ಕಾಂಗ್ ವಿರುದ್ಧ ಎರಡನೇ ನಿಮಿಷಕ್ಕೇ ಮೊದಲ ಗೋಲು. ಮುಂದಿನ ವರ್ಷ ಸ್ಯಾಫ್ ಚಾಂಪಿಯನ್‌ಷಿಪ್‌ಗೆ ಭಾರತ ತಂಡದ ಜೊತೆ ಕಂಠೀರವಕ್ಕೇ ಬಂದ. 2023ರ ಜೂನ್ 27ರಂದು ಕುವೈತ್ ವಿರುದ್ಧ ಕೊನೇ ಗಳಿಗೆಯಲ್ಲಿ ಚೆಂಡು ಇವನ ಕಾಲಿಗೆ ತಾಗಿ ನಮ್ಮದೇ ಗೋಲಿಗೆ ಹೋಯಿತು, ಪಂದ್ಯ 1–1. ಜನ ಬೈದರು. ನನಗೆ ಆ ಬೈಗುಳವೇ ಖುಷಿ ಕೊಟ್ಟಿತು. ಹೃದಯದ ರೋಗಿ ಅನ್ನೋ ಕನಿಕರ ಹೋಗಿ, ಡಿಫೆಂಡರ್ ಅಂತ ಉಗಿಸಿಕೊಳ್ಳೋ ಮಟ್ಟಕ್ಕೆ ಬಂದಿದ್ದ! ವಾರದ ನಂತರ ಅದೇ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಭಾರತ ಕಪ್ ಎತ್ತಿತು.

ಅನ್ವರ್ ಗೆದ್ದ, ಹಾಗಾಗಿ ವೈದ್ಯರ ಮಾತು ಕೇಳಬೇಡಿ ಅಂತ ನಾನು ಹೇಳ್ತಿಲ್ಲ. ಅವನ ಕಾಯಿಲೆ ಮಾಯ ಆಗಿಲ್ಲ. ನಾನು ನೋಡೋದು ಇಷ್ಟು: ಅವನಿಗೆ ಪರೀಕ್ಷೆ ಆಗಿತ್ತು, ಅದಕ್ಕೇ ವಾದ ಮಾಡೋಕೆ, ಕೋರ್ಟಿಗೆ ಹೋಗೋಕೆ, ಅಪಾಯ ತೂಗಿ ನೋಡೋಕೆ ಅವಕಾಶ ಸಿಕ್ಕಿತು. ವೆಂಕಟೇಶ್‌ಗೆ ಆ ಅವಕಾಶವೇ ಬರಲಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ ನಾವೆಲ್ಲ ಒಂದು ವಾರ ಎದೆ ಮುಟ್ಟಿಕೊಂಡು ಓಡಾಡಿದ್ವಿ, ಆಫೀಸಿನಲ್ಲಿ ಅರ್ಧ ಜನ ಚೆಕಪ್ ಮಾಡಿಸಿದ್ರು. ಈಗ ರಾಜ್ಯ ಸರ್ಕಾರ ಅಪ್ಪು ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುವ ವ್ಯವಸ್ಥೆ. ಅದು ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತಕ್ಕೆ. ಆಡುವ ಮಕ್ಕಳ ದಪ್ಪ ಹೃದಯ ಹುಡುಕೋದು ಬೇರೆ ಕೆಲಸ. ಆದ್ರೆ ಮೊದಲು ಬೇಕಾದ ಯಂತ್ರ ಅದೇ ಇಸಿಜಿ. ಅದರಲ್ಲಿ ಅನುಮಾನ ಬಂದ್ರೆ ಎಕೋ.

ಪ್ರತಿ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವಕ್ಕೆ ಕುಸ್ತಿ ಕಣ ಸಜ್ಜಾಗುತ್ತೆ. ಊರೂರಿನ ಜಾತ್ರೆಗಳಲ್ಲೂ ಹುಡುಗರು ಮಣ್ಣಿಗೆ ಇಳೀತಾರೆ. ಈ ಸಲ ಊರಿಗೆ ಹೋದಾಗ ನೀವೂ ಕಣದ ಹತ್ರ ಹೋಗಿ. ಹಲಗಿ ಬಾರಿಸೋರು ಬಂದಿರ್ತಾರೆ, ಪಟಕಾ ಸುತ್ತೋರು ಬಂದಿರ್ತಾರೆ. ಸಂಘಟಕರನ್ನು ಪಕ್ಕಕ್ಕೆ ಕರೆದು ಕೇಳಿ: ‘ಯಣ್ಣಾ, ಈ ಹುಡುಗೂರದು ಇಸಿಜಿ ಆಗೇತೇನು? ಆಂಬುಲೆನ್ಸ್ ಎಲ್ಲಿ ನಿಂತೈತಿ? ಎದಿ ಒತ್ತಾಕ ಬರೋರು ಇಲ್ಲಿ ಯಾರದಾರ?’