ಬಳಪದ ಕಡತ

ಓಲೆಗರಿ ಕಂಡರೆ ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಡತ ಕಂಡರೆ ಮಸಿಬಟ್ಟೆ ಎಂದುಕೊಂಡು ಅಟ್ಟದ ಮೂಲೆಗೆ ಹಾಕುತ್ತಾರೆ. ಹಳೆಯ ದಾಖಲೆಗಳ ಫೋಟೊ ತೆಗೆಯುವ ನನಗೆ ಈ ಎರಡನೆಯದರ ಮೇಲೇ ಜೀವ.

ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿದರೆ ಕಡತ. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸ ಗ್ರಂಥದಲ್ಲಿ ಅದರ ಅಳತೆಯನ್ನೇ ಕೊಟ್ಟಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ. ಕತ್ತರಿಸದೆ ಸಮನಾಗಿ ಮಡಿಚಿ, ಎರಡು ತುದಿಗೂ ಬಣ್ಣದ ಮರದ ಹಲಗೆ ಕೂರಿಸುತ್ತಿದ್ದರು. ಮೈಸೂರು ಸೀಮೆಯ ವ್ಯಾಪಾರಿಗಳು ಆಗಲೂ ಅದರಲ್ಲೇ ಲೆಕ್ಕ ಇಡುತ್ತಿದ್ದರಂತೆ. ಸಾಕ್ಷಿ ಹಾಕಿಸಿದ ಸಾಲಪತ್ರವೊಂದು ವ್ಯಾಪಾರಿಯ ಕಡತದಲ್ಲಿದ್ದು, ಅದನ್ನೇ ಪುರಾವೆಯಾಗಿ ಒಪ್ಪಿದ್ದನ್ನು ವಿಲ್ಕ್ಸ್ ಕಣ್ಣಾರೆ ಕಂಡಿದ್ದಾನೆ. ಒರೆಸಿದರೆ ಹೋಗುವ ಬರಹಕ್ಕೆ ಅಷ್ಟು ನಂಬಿಕೆ!

ಇಂಥ ಬರಹದ ಚಿತ್ರ ತೆಗೆಯಲು ಸ್ಕ್ಯಾನರ್ ಬೇಡವೇ ಬೇಡ. ಬಳಪ ಗಾಜಿಗೆ ಹತ್ತುತ್ತದೆ, ಮಡಿಕೆಯಲ್ಲಿ ಲೇಪ ಚಕ್ಕೆ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಅದನ್ನು ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡು, ಕರಿ ಲೇಪ ಮಿರುಗದಂತೆ ಎರಡು ಪಕ್ಕದಿಂದ ಓರೆಯಾಗಿ ಬೀಳುವ ಎಲ್‌ಇಡಿ ದೀಪ, ಇಷ್ಟು ಸಾಕು. ಎರಡೇ ಮಡಿಕೆ ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹಿಂದಿನ ಚಿತ್ರದ ಒಂದು ಮಡಿಕೆ ಮುಂದಿನದರಲ್ಲೂ ಬರುವಂತೆ ತೆಗೆಯುತ್ತ ಹೋದರೆ ಆಮೇಲೆ ಉಚಿತ ತಂತ್ರಾಂಶದಲ್ಲಿ ಜೋಡಿಸಬಹುದು. ಬೆಳಕಿನ ಲೆಕ್ಕವನ್ನು ಮಾತ್ರ ಕ್ಯಾಮೆರಾಗೆ ಬಿಡಬಾರದು. ಅದು ಕಪ್ಪನ್ನು ಬೂದುಬಣ್ಣ ಮಾಡಿ ಬಿಳಿ ಅಕ್ಷರವನ್ನು ಕರಗಿಸಿಬಿಡುತ್ತದೆ. ಖಾಲಿ ಕಂಡ ಮಡಿಕೆಯನ್ನೂ ನಾನು ಬಿಡುವುದಿಲ್ಲ. ಒರೆಸಿದ ಸಾಲಿನ ಗುರುತು ಓರೆ ಬೆಳಕಿಗೆ ಒಮ್ಮೊಮ್ಮೆ ಸಿಗುತ್ತದೆ.

"ತಡೀರಿ, ಧೂಳು ಒರೆಸಿ ಕೊಡ್ತೀನಿ" ಎಂದು ಶಾನುಭೋಗರ ಮನೆಯ ಅಜ್ಜಿಯೊಬ್ಬರು ಸೆರಗು ಎತ್ತಿದರು. "ಬೇಡಿ ಅಜ್ಜಿ, ಧೂಳಿನ ಜೊತೆ ಅಕ್ಷರಾನೂ ಹೋಗುತ್ತೆ" ಎಂದು ಕೈಮುಗಿದೆ.

ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಓದಿ ಸಂಪಾದಿಸಿದ್ದಾರೆ. ಅಂಗಡಿಯವರ, ಶಾನುಭೋಗರ ಕಡತಗಳಿಗೆ ಆ ಭಾಗ್ಯ ಅಪರೂಪ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ತೆಗೆಯಬೇಕಾದದ್ದು ಇವನ್ನೇ ಎಂಬುದು ನನ್ನ ಹಟ. ಲೆಕ್ಕ ತೀರಿದ ಮೇಲೆ ಒರೆಸಿ ಮತ್ತೆ ಬರೆಯುವ ರೂಢಿಯಿದ್ದುದರಿಂದ ಅವುಗಳಲ್ಲಿ ಉಳಿದಿರುವುದು ಕೊನೆಯ ಬರಹ. ಮನೆಗೆ ಕಾಗದದ ಖಾತೆಪುಸ್ತಕ ಬಂದ ಕಾಲಕ್ಕೆ ಯಾರು ಎಷ್ಟು ಅಡಕೆ ಕೊಟ್ಟಿದ್ದರು, ಯಾರ ಭತ್ತ ಬಾಕಿಯಿತ್ತು ಎಂಬ ವಿವರ ಬೇರೆಲ್ಲಾದರೂ ಸಿಗುವ ಸಂಭವ ಬಹಳ ಕಡಿಮೆ.