ಹಗ್ಗ ಹಿಗ್ಗಬಾರದು: ಕಪಿಲೆ ಬಾವಿಯಿಂದ ಜಲಪಾತದ ಅಂಚಿನವರೆಗೆ

ಮಳೆಗಾಲ ಮುಗೀತಂದ್ರ ಸಾಕು, ಹುಬ್ಬಳ್ಳಿ-ಧಾರವಾಡದ ಹುಡುಗರು ಬೈಕ್ ಏರಿ ಯಲ್ಲಾಪುರ, ದಾಂಡೇಲಿ ದಾರಿ ಹಿಡಿತಾರೆ. ಮೊದಲೆಲ್ಲ ಜಲಪಾತ ನೋಡಿ, ಬುತ್ತಿ ಬಿಚ್ಚಿ ಉಂಡು ಬರೋದಿತ್ತು. ಈಗ ಕೆಲವರ ಬ್ಯಾಗಿನಲ್ಲಿ ಹಗ್ಗವೂ ಇರುತ್ತದೆ. ಬಂಡೆಯ ತಲೆಯಿಂದ ಹಗ್ಗದ ಮೇಲೆ ಇಳಿದರೆ ರ‍್ಯಾಪಲಿಂಗ್, ಹಳ್ಳದ ಕೊರಕಲಿನ ಗುಂಟ ನೀರಿನೊಳಗೇ ಇಳೀತಾ ಹೋದರೆ ಕ್ಯಾನಿಯನಿಂಗ್. ಹೆಸರು ಹೊಸದು. ಆದರೆ ಆ ಬ್ಯಾಗಿನಲ್ಲಿರೋ ಹಗ್ಗ ಯಾವುದು ಅಂತ ಕೇಳಿದರೆ ಎಷ್ಟೋ ಸಲ ಬರುವ ಉತ್ತರ: ‘ಗಟ್ಟಿ ಅದ ಬಿಡ್ರಿ.’ ಗಟ್ಟಿ ಇದ್ದರೆ ಸಾಕೇ? ಇವತ್ತಿನ ಕಂತು ಆ ಪ್ರಶ್ನೆಯ ಇತಿಹಾಸ.

ನಮ್ಮ ಭಾಗದ ಒಕ್ಕಲುತನದಲ್ಲಿ ಹಗ್ಗ ಅಂದರೆ ಒಂದೇ ವಸ್ತು ಆಗಿರಲಿಲ್ಲ. ಹಗ್ಗ ಬೇರೆ, ಮಿಣಿ ಬೇರೆ, ದನ ಕಟ್ಟುವ ಕಣ್ಣಿ ಬೇರೆ, ಮೂಗುದಾರ ಬೇರೆ. ಕೆಲಸಕ್ಕೊಂದು ಹಗ್ಗ, ಹಗ್ಗಕ್ಕೊಂದು ನಾರು. ಜೋಳದ ರೊಟ್ಟಿ ಜೊತೆ ಪುಂಡಿ ಪಲ್ಯ ತಿಂತೀವಲ್ಲ, ಅದೇ ಪುಂಡಿಯ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಹೊಸೆದು ಹಗ್ಗ ಮಾಡ್ತಿದ್ದರು. ಇಂಗ್ಲಿಷರ ಕಾಗದಪತ್ರಗಳಲ್ಲಿ ಇದಕ್ಕೆ ‘ಡೆಕ್ಕನ್ ಹೆಂಪ್’ ಅಂತ ಹೆಸರು. ಬಾವಿಯ ಮಿಣಿ ಮಾತ್ರ ಚರ್ಮದ್ದು. ಅದನ್ನು ಹದಮಾಡಿ ಕೊಡುತ್ತಿದ್ದ ಕುಟುಂಬಗಳಿಗೆ ಸುಗ್ಗಿಯಲ್ಲಿ ಕಾಳಿನ ಆಯ ಸಲ್ಲುತ್ತಿತ್ತು. ಊರಿನ ನೀರು ಅವರ ಕೈಯಲ್ಲಿತ್ತು. ಊರು ಅವರನ್ನು ಎಲ್ಲಿ ಕೂರಿಸಿತ್ತು ಅನ್ನೋದು ಬೇರೆ ಕಂತಿನ ಮಾತು.

ಕಪಿಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದಂತೆ ಚರ್ಮದ ಚೀಲ ಬಾವಿಯಿಂದ ಮೇಲೆ ಬರುತ್ತದೆ. ದಪ್ಪ ಹಗ್ಗ ಚೀಲದ ಬಾಯಿಗೆ, ತೆಳು ಹಗ್ಗ ಅದರ ಬಾಲಕ್ಕೆ. ಚೀಲ ಮೇಲೆ ಬಂದ ಕ್ಷಣದಲ್ಲೇ ಬಾಲ ಬಿಚ್ಚಿಕೊಂಡು ನೀರು ಕಾಲುವೆಗೆ ಬೀಳಬೇಕು. ಎರಡರಲ್ಲಿ ಒಂದು ಹೆಚ್ಚು ಹಿಗ್ಗಿದರೆ ಲೆಕ್ಕ ತಪ್ಪಿ ನೀರು ತಿರುಗಿ ಬಾವಿಗೇ. ಹಗ್ಗ ಹರಿಯಬಾರದು ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ಎಷ್ಟು ಹಿಗ್ಗುತ್ತದೆ ಅನ್ನೋದನ್ನೂ ನೋಡಬೇಕು ಅಂತ ತಿಳಿದವರು ನೀರೆತ್ತಿದವರು.

ಇನ್ನು ಜೋಗಕ್ಕೆ ಹೋಗೋಣ. 1856ರಲ್ಲಿ ಇಂಡಿಯನ್ ನೇವಿಯ ಇಬ್ಬರು ಅಧಿಕಾರಿಗಳು ರಾಜಾ ಜಲಪಾತದ ಎತ್ತರವನ್ನು ಹಗ್ಗದಿಂದ ಅಳೆದರು. ಉತ್ತರ ಕನ್ನಡ ಆಗಿನ್ನೂ ಮುಂಬೈಗೆ ಸೇರಿರಲಿಲ್ಲ, ಕೆನರಾ ಜಿಲ್ಲೆಯಾಗಿ ಮದ್ರಾಸಿನ ಕೈಯಲ್ಲಿತ್ತು. ಅವರ ಲೆಕ್ಕ ಸುಮಾರು 830 ಅಡಿ. ಕೆಳಗಿನ ಮಡುವಿನ ಆಳ 132 ಅಡಿ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ 253 ಮೀಟರ್ ಅಂದರೆ ಹೆಚ್ಚುಕಡಿಮೆ ಅದೇ ಅಂಕಿ. ಅಳೆಯುವವರ ಕಷ್ಟ ಯೋಚಿಸಿ: ತುಂತುರಿನಲ್ಲಿ ನಾರಿನ ಹಗ್ಗ ನೆಂದರೆ ಎಳೆಗಳು ಉಬ್ಬಿ ಉದ್ದ ಕುಗ್ಗುತ್ತದೆ, ಭಾರ ಬಿದ್ದರೆ ಹಿಗ್ಗುತ್ತದೆ. ನಂಬಬಹುದಾದ ಅಳತೆ ಬೇಕೆಂದರೆ ಉದ್ದ ಬದಲಾಗದ ಹಗ್ಗ ಬೇಕು. ಹಗ್ಗದ ಮೇಲೆ ಇಳಿಯುವವನಿಗೂ ಬೇಕಾದದ್ದು ಅಂಥದ್ದೇ.

ಅತ್ತ ಯುರೋಪಿನಲ್ಲಿ ಪಾಠ ಸಾವಿನಿಂದ ಬಂತು. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಶಿಖರ ಮೊದಲ ಸಲ ಏರಿ ಇಳಿಯುತ್ತಿದ್ದ ಏಳು ಜನರಲ್ಲಿ ಒಬ್ಬ ಜಾರಿದ. ನಡುವಿನ ಹಗ್ಗ ಹರಿದು ನಾಲ್ವರು ಹೋದರು. ತಂಡದ ಹತ್ತಿರ ಇದ್ದ ಹಗ್ಗಗಳಲ್ಲಿ ಅತಿ ದುರ್ಬಲವಾದದ್ದೇ ಅಲ್ಲಿ ಕಟ್ಟಿತ್ತು. ಲಂಡನ್ನಿನ ಆಲ್ಪೈನ್ ಕ್ಲಬ್ ಹಗ್ಗಗಳನ್ನು ಪರೀಕ್ಷಿಸಿ ವರದಿ ಕೊಟ್ಟದ್ದು ಅದಕ್ಕೆ ಒಂದೇ ವರ್ಷ ಮೊದಲು!

ನೈಲಾನ್ ಬಂದದ್ದು 1930ರ ದಶಕದಲ್ಲಿ. ಎರಡನೇ ಮಹಾಯುದ್ಧ ಅದನ್ನು ಹಗ್ಗವಾಗಿಸಿತು. ಆದರೆ ಮೂರೆಳೆ ಹೊಸೆದ ಹಗ್ಗಕ್ಕೆ ಒಂದು ಚಾಳಿ: ಭಾರ ಬಿದ್ದರೆ ಹುರಿ ಬಿಚ್ಚಿಕೊಳ್ಳಲು ನೋಡ್ತದ, ತೂಗಾಡುವವನು ಬುಗುರಿಯಂಗ ತಿರುಗ್ತಾನ. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ಇದಕ್ಕೆ ಪರಿಹಾರ ಹುಡುಕಿತು. ಒಳಗೆ ತಿರುಳು, ಹೊರಗೆ ಪೈಜಾಮದ ಲಾಡಿಯಂಗ ಹೆಣೆದ ಕವಚ. ಇದೇ ಕರ್ನ್‌ಮ್ಯಾಂಟಲ್. ಭಾರವನ್ನು ಹೆಚ್ಚಾಗಿ ತಿರುಳು ಹೊರುತ್ತದೆ, ಉಜ್ಜನ್ನು ಕವಚ ತಿನ್ನುತ್ತದೆ.

ಅಲ್ಲಿಂದ ಮುಂದೆ ದಾರಿ ಎರಡಾಯಿತು. ಬಂಡೆ ಏರುವವನು ಬೀಳುತ್ತಾನೆ. ಅವನಿಗೆ ಹಿಗ್ಗಿ ಹಿಡಿಯುವ ಡೈನಾಮಿಕ್ ಹಗ್ಗ ಬೇಕು. ಅಮೆರಿಕದ ಗುಹೆ ಶೋಧಕರ ತಕರಾರು ಬೇರೆ. ಆಳದ ಕುಳಿಗಳಲ್ಲಿ ಇಳಿದು ಅದೇ ಹಗ್ಗದ ಮೇಲೆ ಹತ್ತುವವರು ಅವರು. ಹಗ್ಗ ರಬ್ಬರಿನಂಗ ಮೇಲೆ ಕೆಳಗೆ ಆಡಿದರೆ ಕುಳಿಯ ಬಾಯಿಯ ಕಲ್ಲಿಗೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಕಡಿಯುತ್ತದೆ. 1960-70ರ ದಶಕಗಳಲ್ಲಿ ಅವರ ಒತ್ತಾಯದಿಂದ ಹುಟ್ಟಿದ್ದು ಕಡಿಮೆ ಹಿಗ್ಗುವ ಹಗ್ಗ, ಅಂದರೆ ಸ್ಟ್ಯಾಟಿಕ್ ರೋಪ್.

ಯುರೋಪಿನ ಇಎನ್ 1891 ಮಾನದಂಡದ ಪ್ರಕಾರ ಭಾರವನ್ನು 50 ಕಿಲೋದಿಂದ 150 ಕಿಲೋಗೆ ಏರಿಸಿದಾಗ ಈ ಹಗ್ಗ ಶೇ 5ಕ್ಕಿಂತ ಹೆಚ್ಚು ಹಿಗ್ಗಬಾರದು. ‘ಎ’ ವರ್ಗದ್ದು 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗಿಂತ ಹೆಚ್ಚು ಎಳೆತ ತಡೀಬೇಕು. ‘ಬಿ’ ವರ್ಗದ್ದು 18. ಗಂಟು ಹಾಕಿದರೆ ಈ ಬಲದಲ್ಲಿ ಮೂರನೇ ಒಂದು ಭಾಗದಷ್ಟು ಹೋಗಬಹುದು. ಹೊಸಬರಿಗೆ ನಾನು ಹೇಳೋದು ‘ಎ’ ವರ್ಗದ 10.5 ಅಥವಾ 11 ಮಿಲಿಮೀಟರ್ ಹಗ್ಗ. ತೆಳು ಹಗ್ಗ ಹೊರಲು ಹಗುರ, ಆದರೆ ಇಳಿಯುವಾಗ ಕೈಯಲ್ಲಿ ಸರ್ರನೆ ಜಾರ್ತದ. ಉದ್ದ ಮರೀಬ್ಯಾಡ್ರಿ: ಹಗ್ಗವನ್ನು ಮಡಚಿ ಎರಡೆಳೆಯಲ್ಲಿ ಇಳಿದು ಕೆಳಗಿನಿಂದ ಎಳೆದುಕೊಳ್ಳುವುದಾದರೆ 30 ಮೀಟರ್ ಇಳಿಯಲು 60 ಮೀಟರಿಗಿಂತ ತುಸು ಹೆಚ್ಚೇ ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಈ ಹಗ್ಗ ಕಟ್ಟಿಕೊಂಡು ಮುಂಚೂಣಿಯಲ್ಲಿ ಬಂಡೆ ಏರಬಾರದು. ಬಿದ್ದರೆ ಹಗ್ಗ ಹಿಗ್ಗದು, ಆ ಹೊಡೆತವೆಲ್ಲ ಸೊಂಟಕ್ಕೆ, ಬೆನ್ನುಹುರಿಗೆ, ಬಂಡೆಯ ಬೋಲ್ಟಿಗೆ. ಇನ್ನು ಲಾರಿಗೆ ಹೊರೆ ಬಿಗಿಯುವ ಹಳದಿ-ನೀಲಿ ಪ್ಲಾಸ್ಟಿಕ್ ಹಗ್ಗ. ಅದೂ ಗಟ್ಟಿಯೇ, ಅಗ್ಗವೂ ಹೌದು. ಆದರೆ ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೇ ಕರಗುತ್ತದೆ. ನೈಲಾನ್ 220 ದಾಟಬೇಕು. ವೇಗವಾಗಿ ಇಳಿದರೆ ಲೋಹದ ಡಿಸೆಂಡರ್ ಕೈಗೆ ಸುಡುವಷ್ಟು ಕಾಯುತ್ತದೆ. ನೈಲಾನ್ ಆದರೂ ನಿಧಾನಕ್ಕೇ ಇಳೀಬೇಕು.

ಹಳೇ ಬಾವಿಗಳ ಕಟ್ಟೆಕಲ್ಲಿನಲ್ಲಿ ಹಗ್ಗ ಉಜ್ಜಿ ಬಿದ್ದ ಗಾಡಿ ನೋಡೀರಲ್ಲ? ಹಗ್ಗ ಕಲ್ಲನ್ನು ಸವೆಸಿತು ಅಂತ ಬೆರಗಾಗ್ತೀವಿ. ಆ ಕಲ್ಲು ಎಷ್ಟು ಹಗ್ಗ ತಿಂದಿತ್ತು ಅಂತ ಯಾರೂ ಎಣಿಸಿಲ್ಲ. ಬಾದಾಮಿಯ ಮರಳುಗಲ್ಲಿನ ಅಂಚಿನಲ್ಲಾಗಲಿ, ಜಲಪಾತದ ತಲೆಯಲ್ಲಾಗಲಿ, ಹಗ್ಗ ಕಲ್ಲಿಗೆ ತಾಗುವ ಕಡೆ ಮಡಚಿದ ಗೋಣಿ ಹಾಸ್ರಿ. ಇಳಿಯುವ ಮುಂಚೆ ಇಡೀ ಹಗ್ಗವನ್ನು ಬೆರಳ ನಡುವೆ ಹಾಯಿಸಿ ನೋಡ್ರಿ. ಎಲ್ಲಾದರೂ ಮೆತ್ತಗೆ, ಚಪ್ಪಟೆ ಅಥವಾ ಗಂಟುಗಂಟು ಅನಿಸಿದರೆ ಅಲ್ಲಿ ತಿರುಳು ಕೆಟ್ಟದ ಅಂತ ತಿಳೀರಿ. ಹೊಸ ನೈಲಾನ್ ಹಗ್ಗವನ್ನು ಬಳಸುವ ಮೊದಲು ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಬೇಕು, ಅದು ಕುಗ್ಗುತ್ತದೆ. ಕುಗ್ಗಿದ ಮೇಲೆ ಉದ್ದ ಅಳೀರಿ. ಕಲ್ಲಿನ ಗೋಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕುವುದು ಜೀವ ಉಳಿಸುತ್ತದೆ. ರಭಸದ ನೀರಿನಲ್ಲಿ ಅದೇ ಗಂಟು ಬಂಡೆ ಸಂದಿಗೆ ಸಿಕ್ಕು ಮನುಷ್ಯನನ್ನು ನೀರಿನಡಿ ಹಿಡಿದಿಡಬಹುದು. ಅಲ್ಲಿ ಹಗ್ಗದ ತುದಿ ನೀರು ಮುಟ್ಟುವಷ್ಟಕ್ಕೇ ಇರಬೇಕು, ಗಂಟಿಲ್ಲದೆ. ಇದನ್ನು ಕಲಿಸುವವರ ಜೊತೆ ನಿಂತೇ ಕಲೀಬೇಕು.

ನೀರಿನ ವಿಷಯಕ್ಕೆ ಬಂದ್ರ, ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಕಲಘಟಗಿ ಕಡೆ ಬೇಡ್ತಿಗೆ ಸೇರುತ್ತದೆ, ಬೇಡ್ತಿ ಮಾಗೋಡಿನಲ್ಲಿ ಧುಮುಕಿ ಗಂಗಾವಳಿಯಾಗಿ ಸಮುದ್ರ ಕಾಣುತ್ತದೆ. ಅಂದ್ರ ಮಾಗೋಡಿನಲ್ಲಿ ಬಿಸಿಲಿದ್ದರೂ ನಮ್ಮ ಧಾರವಾಡದಾಗ ನಿನ್ನೆ ಹೊಡೆದ ಮಳೆ ಇವತ್ತು ಆ ಕಮರಿಗೆ ಬಂದಿರಬಹುದು. ಹೊರಡುವ ಮುಂಚೆ ಮನೆಗೆ ಫೋನ್ ಮಾಡಿ ಮಳೆ ಕೇಳ್ರಿ. ಅರಣ್ಯ ಇಲಾಖೆಯ ಅನುಮತಿಯನ್ನೂ ಕೇಳ್ರಿ.

ಕೊನೆಗೆ ಹಳೇ ಹಗ್ಗದ ಮಾತು. ಬಳಸದೆ ಇಟ್ಟರೂ ಹತ್ತು ವರ್ಷಕ್ಕೆ ನೈಲಾನ್ ಹಗ್ಗವನ್ನು ಕೈಬಿಡಿ ಅಂತಾರೆ ಬಹುತೇಕ ತಯಾರಕರು. ದುಡ್ಡು ಕೊಟ್ಟದ್ದು, ಎಸೆಯಲು ಮನಸ್ಸು ಬರೋದಿಲ್ಲ, ತಮ್ಮನಿಗೋ ಗೆಳೆಯನಿಗೋ ದಾಟಿಸ್ತೀವಿ. ಹಂಗ ಮಾಡಬ್ಯಾಡ್ರಿ. ಎರಡೆರಡು ಮೀಟರಿಗೆ ಕತ್ತರಿಸಿಬಿಡ್ರಿ. ಎಮ್ಮೆಯ ಕಣ್ಣಿಗೆ ಭಾಳ ಚಲೋ ಆಗ್ತದ.